ಕ್ಯಾಮೆರಾ ಮುಂದೆಯೂ ನಾನೇ, ಹಿಂದೆಯೂ ನಾನೇ: ಕಲಬುರಗಿಯಿಂದ ಒಂದು ಸಿನಿಮಾ ತೆರೆಗೆ ತಂದ ಅನುಭವ

ಸಿನಿಮಾ ಮಾಡ್ಬೇಕು ಅಂತ ಫೋನ್ ಮಾಡುವ ಹುಡುಗರೆಲ್ಲ ಮೊದಲು ಕೇಳುವುದು, ಯಾವ ಕ್ಯಾಮೆರಾ ಬಳಸಿದ್ರಿ ಅಂತ. ಯಾದಗಿರಿಯಿಂದ ಕೇಳ್ತಾರೆ, ಬೀದರ್‌ನಿಂದ ಕೇಳ್ತಾರೆ, ಆಳಂದದಿಂದಲೂ ಕೇಳ್ತಾರೆ. ಕ್ಯಾಮೆರಾ ಬಾಡಿಗೆಗೆ ಸಿಗುತ್ತೆ. ಅದು ದೊಡ್ಡ ವಿಷಯವೇ ಅಲ್ಲ. ನೀವೇ ಬರೆದು, ನೀವೇ ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ನೀವೇ ಮಾಡುವುದಾದರೆ ಕೇಳಬೇಕಾದ ಪ್ರಶ್ನೆ ಬೇರೆ. ನೀವು ಕ್ಯಾಮೆರಾ ಮುಂದೆ ನಿಂತಾಗ ‘ಇದು ಸರಿ ಬರಲಿಲ್ಲ, ಇನ್ನೊಂದು ಸಲ ಮಾಡಿ’ ಅನ್ನೋರು ಯಾರು?

ನಮ್ಮ ಸಿನಿಮಾ ಬಿಡುಗಡೆಯಾಯಿತು, ಒಂದಷ್ಟು ದಿನ ಓಡಿತು, ಥಿಯೇಟರ್‌ನಿಂದ ಇಳಿಯಿತು. ಸರ್ಕಾರದ ಸಹಾಯಧನಕ್ಕೆ ಅರ್ಜಿಯೂ ಹೋಗಿದೆ. ಎಲ್ಲ ಇನ್ನೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಸಿನಿಮಾದ ಹೆಸರು ಹೇಳುವುದಿಲ್ಲ. ಇದು ಪ್ರಚಾರ ಅಲ್ಲ, ಮುಂದೆ ಇದೇ ದಾರಿ ಹಿಡಿಯುವವರಿಗೆ ಒಂದಿಷ್ಟು ತಲೆನೋವು ತಪ್ಪಲಿ ಅಂತ.

ನಾನು ನಾಟಕದವನು. ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಪಾತ್ರ ಮಾಡಿಕೊಂಡೇ ಬೆಳೆದವನು. (ಪಂಡಿತರು ನಮ್ಮೂರಿನವರು, ಹಿಂದಿ ಸಿನಿಮಾಗಳಿಗೆ ಪೋಸ್ಟರ್ ಬರೆದು ಹೆಸರಾದವರು. ಸಿನಿಮಾದವರ ಹೆಸರಿನ ಕಟ್ಟಡದಲ್ಲಿ ನಾಟಕ ಮಾಡಿದ್ದಕ್ಕೋ ಏನೋ, ಆ ಕಡೆ ಸೆಳೆತ ಹತ್ತಿತು.) ಆಮೇಲೆ ಬೆಂಗಳೂರಿನ ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ. ಪೊಲೀಸ್ ಪೇದೆ, ಗೌಡರ ಮನೆ ಆಳು, ಖಾನಾವಳಿ ಮಾಲೀಕ. ನಮ್ಮ ಕಡೆ ಮಾತು ಬೇಕಾದಾಗ ಕರೆ ಬರುತ್ತಿತ್ತು, ಅದೂ ಬಹಳ ಸಲ ಜನರನ್ನು ನಗಿಸೋಕೆ. ರಾತ್ರಿ ಬಸವ ಎಕ್ಸ್‌ಪ್ರೆಸ್ ಹತ್ತೋದು, ಬೆಳಿಗ್ಗೆ ಇಳಿದು ಸೀದಾ ಸೆಟ್‌ಗೆ ಹೋಗೋದು, ಎರಡು ಡೈಲಾಗ್ ಹೇಳಿ ವಾಪಸ್ ಬರೋದು. ಬಂದ ದುಡ್ಡಲ್ಲಿ ಅರ್ಧ ಓಡಾಟಕ್ಕೇ ಹೋಗುತ್ತಿತ್ತು.

ನಟ ನಿರ್ದೇಶಕನಾಗೋದು ನಮ್ಮಲ್ಲಿ ಹೊಸದೇನಲ್ಲ. ಕಂಪನಿ ನಾಟಕದ ಕಾಲದಿಂದಲೂ ಇದೆ. ಏಣಗಿ ಬಾಳಪ್ಪನವರಂಥವರು ಕಂಪನಿಯನ್ನೂ ನಡೆಸಿದರು, ಪಾತ್ರವನ್ನೂ ಮಾಡಿದರು, ಬೇರೆಯವರಿಗೆ ಹೇಳಿಯೂ ಕೊಟ್ಟರು. ಸಿನಿಮಾದಲ್ಲಿ ಶಂಕರ್‌ನಾಗ್ 1978ರಲ್ಲಿ ನಟರಾಗಿ ಬಂದು, 1980ರ ‘ಮಿಂಚಿನ ಓಟ’ದ ಹೊತ್ತಿಗೆ ನಟಿಸುತ್ತಲೇ ನಿರ್ದೇಶಿಸಿದರು. ಕಾಶಿನಾಥ್, ಉಪೇಂದ್ರ ಅವರದು ಉಲ್ಟಾ ದಾರಿ. ಮೊದಲು ನಿರ್ದೇಶಕರು, ಹೀರೊ ಆಗಿದ್ದು ಆಮೇಲೆ. ಈಗ ರಿಷಬ್ ಶೆಟ್ಟಿ, ರಾಜ್ ಬಿ. ಶೆಟ್ಟಿ ಇದ್ದಾರೆ. ನನಗೆ ಹೆಚ್ಚು ಕಾಡಿದ್ದು ಮಾತ್ರ 1971ರ ‘ವಂಶವೃಕ್ಷ’. ಗಿರೀಶ್ ಕಾರ್ನಾಡರು ಅದರಲ್ಲಿ ನಟಿಸಿದರು, ಬಿ.ವಿ. ಕಾರಂತರ ಜೊತೆ ಸೇರಿ ನಿರ್ದೇಶಿಸಿದರು. ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಇಬ್ಬರಿಗೂ ಬಂತು. ಕಾರ್ನಾಡರ ಪಕ್ಕ ಕಾರಂತರಿದ್ದರು. ನನ್ನ ಪಕ್ಕ ಯಾರಿದ್ದಾರೆ ಅನ್ನೋ ಪ್ರಶ್ನೆ ಕಥೆ ಬರೆಯುವಾಗಲೇ ಹುಟ್ಟಿತು. ಉತ್ತರ ಸಿಕ್ಕಿದ್ದು ಶೂಟಿಂಗ್ ಶುರುವಾದ ಮೇಲೆ.

ಕಥೆ ದಾಲ್ ಮಿಲ್‌ನ ಒಬ್ಬ ಹಮಾಲನದು. ಮಗ ಪುಣೆಗೆ ದುಡಿಯಲು ಹೋಗಿ ಊರಿಗೆ ಬರೋದನ್ನೇ ಬಿಟ್ಟಿರುತ್ತಾನೆ. ದುಡ್ಡು ಹಾಕಿದ್ದು ನನ್ನ ಸೋದರಮಾವ. ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಅವರದೂ ಪಾಲಿದೆ. ಹಾಗಾಗಿ ಮುಖ್ಯ ಲೊಕೇಶನ್ ಬಿಟ್ಟಿ ಸಿಕ್ಕಿತು. ಬಿಟ್ಟಿ ಅಂದರೆ ಬಾಡಿಗೆ ಇಲ್ಲ ಅಷ್ಟೇ, ಮಿಲ್ ನಿಲ್ಲಿಸಿದರೆ ಆಗುವ ನಷ್ಟದ ಲೆಕ್ಕ ಮಾವ ದಿನಾ ಸಂಜೆ ಹೇಳುತ್ತಿದ್ದರು.

ಒಪ್ಪಂದ ಬರೆಯುವಾಗಲೇ ಮೊದಲ ತಮಾಷೆ. ಕಥೆ, ನಿರ್ದೇಶನ, ನಟನೆ, ಮೂರೂ ಕಾಲಂನಲ್ಲಿ ನನ್ನ ಹೆಸರು. ಮಾವ ಅದನ್ನು ನೋಡಿ, “ಅಳಿಯಾ, ಮೂರೂ ಪಗಾರ ನೀನೇ ತಗೊಂಡ್ರ ಸಿನಿಮಾಕ್ಕ ಏನ್ ಉಳೀತದ?” ಅಂದರು. ಕೊನೆಗೆ ನಿರ್ದೇಶನಕ್ಕೆ ಮಾತ್ರ ದುಡ್ಡು, ನಟನೆಗೆ ಲಾಭ ಬಂದರೆ ಪಾಲು ಅಂತ ಆಯಿತು. ಮನೆಯವರೇ ನಿರ್ಮಾಪಕರಾದರೂ ಕಾಗದ ಮಾಡಿಸಿಕೊಳ್ಳಿ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಒಪ್ಪಂದ ಇರಲಿ. ಕಥೆಯ ಹಕ್ಕು ಯಾರದು ಅನ್ನೋದು ಸ್ಪಷ್ಟವಾಗಿರಲಿ, ಮುಂದೆ ಒಟಿಟಿಯವರು ಮೊದಲು ಕೇಳೋದು ಅದನ್ನೇ. ನಟನೆಗಾಗಲಿ ನಿರ್ದೇಶನಕ್ಕಾಗಲಿ ಸಂಭಾವನೆ ಕೊಡುವಾಗ ಶೇ. 10ರಷ್ಟು ಟಿಡಿಎಸ್, ಅಂದರೆ ಆದಾಯ ತೆರಿಗೆಯ ಪಾಲು, ಮೊದಲೇ ಹಿಡಿಯಬೇಕಾಗುತ್ತದೆ. ಮಾವನ ಮಿಲ್ ನೋಡಿಕೊಳ್ಳುವ ಲೆಕ್ಕಿಗರಿಗೆ ತೊಗರಿ ಲೆಕ್ಕ ಗೊತ್ತು, ಸಿನಿಮಾ ಲೆಕ್ಕ ಗೊತ್ತಿಲ್ಲ. ಸಿನಿಮಾ ಲೆಕ್ಕ ನೋಡಿದ ಒಬ್ಬ ಸಿಎ ಹಿಡಿಯಿರಿ. ಬ್ಯಾನರ್ (ಸಿನಿಮಾ ನಿರ್ಮಿಸುವ ಸಂಸ್ಥೆ) ಹೆಸರಲ್ಲಿ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಊಟದ ಬಿಲ್ಲು, ವ್ಯಾನ್ ಬಿಲ್ಲು, ಎಲ್ಲ ಅದರಿಂದಲೇ ಹೋಗಲಿ. ಕೊನೆಯಲ್ಲಿ ಸಹಾಯಧನಕ್ಕೆ ಖರ್ಚಿನ ಲೆಕ್ಕ ತೋರಿಸುವಾಗ ಇದರ ಬೆಲೆ ಗೊತ್ತಾಗುತ್ತೆ.

ಬ್ಯಾನರ್ ಮತ್ತು ಶೀರ್ಷಿಕೆ ನೋಂದಣಿ ಬೆಂಗಳೂರಿನಲ್ಲಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ. ಎಲ್ಲರೂ ಸುಮ್ನೆ ಚೇಂಬರ್ ಅಂತಾರೆ. ಶೀರ್ಷಿಕೆ ಸಿಗೋದು ನಿರ್ಮಾಪಕರ ಹೆಸರಿಗೆ, ನಿರ್ದೇಶಕನ ಹೆಸರಿಗೆ ಅಲ್ಲ. ಹಾಗಾಗಿ ಮಾವನೂ ಬರಬೇಕಾಯಿತು. ತೊಗರಿ ಸೀಸನ್ ಬಿಟ್ಟು ಬೆಂಗಳೂರಿಗೆ ಬರೋದು ಅಂದರೆ ಅವರಿಗೆ ಪ್ರಾಣ ಹೋದಂಗೆ. ನಾನು ಇಷ್ಟಪಟ್ಟು ಇಟ್ಟುಕೊಂಡಿದ್ದ ಹೆಸರು ಆಗಲೇ ಬೇರೆಯವರ ಹತ್ತಿರ ಇತ್ತು. ಅದನ್ನೇ ಹೋಲುವ ಹೆಸರೂ ಆಗೋದಿಲ್ಲ ಅಂದರು. ಮೂರು ನಾಲ್ಕು ಹೆಸರು ಬರೆದುಕೊಂಡು ಹೋಗಿ, ಒಂದೇ ಹೆಸರಿಗೆ ಮನಸ್ಸು ಕಟ್ಟಿಹಾಕಬೇಡಿ. ಹೆಸರು ಸಿಗುವ ಮೊದಲೇ ಪೋಸ್ಟರ್ ಮಾಡಿಸಲೂ ಬೇಡಿ. ಆ ಶೀರ್ಷಿಕೆ ಪತ್ರವನ್ನು ಜೋಪಾನವಾಗಿ ಇಡಿ, ಸೆನ್ಸಾರ್ ಅರ್ಜಿಗೆ ಬೇಕೇ ಬೇಕು.

ಇನ್ನು ಅನುಮತಿಗಳು. ನಮ್ಮ ಕಲಬುರಗಿ ಕೋಟೆಯೊಳಗೆ ಒಂದು ದೃಶ್ಯ ಬರೆದಿದ್ದೆ. 1367ರ ಜಾಮಾ ಮಸೀದಿ, ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಇರುವ ಕಟ್ಟಡ, ಕಮಾನು ಕಮಾನುಗಳ ನಡುವೆ ಬೆಳಕು ಬೀಳುವ ಚಂದ ನೋಡಿದವರಿಗೇ ಗೊತ್ತು. ಆದರೆ ಅದು ಕೇಂದ್ರದ ಸಂರಕ್ಷಿತ ಸ್ಮಾರಕ. ಅಲ್ಲಿ ಸಿನಿಮಾ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ, ಶುಲ್ಕ, ಠೇವಣಿ ಎಲ್ಲ ಬೇಕು. ಬಾಗಿಲಲ್ಲಿ ಇರುವ ಕಾವಲುಗಾರರು ‘ಆಯ್ತು ಬನ್ರಿ’ ಅಂದರೆ ಅದು ಅನುಮತಿ ಅಲ್ಲ. ಬೀದರ್ ಕೋಟೆಯಲ್ಲಿ ಮಾಡಬೇಕು ಅಂತಿರೋರಿಗೂ ಇದೇ ಮಾತು. ನಮ್ಮ ಖರ್ಚಿಗೆ ಅದು ಹೊಂದಲಿಲ್ಲ. ದೃಶ್ಯವನ್ನು ಶಹಾಬಾದಿನ ಹತ್ತಿರ ಬಿಟ್ಟುಹೋದ ಒಂದು ಕಲ್ಲಿನ ಖಣಿಗೆ ಎತ್ತಿಕೊಂಡು ಹೋದೆವು. ಪರಸಿಕಲ್ಲು ತೆಗೆದ ಗುಂಡಿಯಲ್ಲಿ ನೀರು ನಿಂತಿತ್ತು. ಈಗ ನೋಡಿದರೆ ದೃಶ್ಯ ಅಲ್ಲಿಯದೇ ಅನ್ನಿಸುತ್ತೆ.

ಡ್ರೋನ್ ಶಾಟ್ ಇಲ್ಲದೆ ಯಾರಿಗೂ ಸಿನಿಮಾ ಆಗೋದೇ ಇಲ್ಲ ಈಗ. ಹಾರಿಸುವ ಮೊದಲು, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಹಸಿರು ವಲಯದಲ್ಲಿ 400 ಅಡಿವರೆಗೆ ಮುಂಚಿತ ಅನುಮತಿ ಬೇಡ, ಆದರೆ ಡ್ರೋನ್ ನೋಂದಣಿ ಆಗಿರಬೇಕು. ನಮ್ಮಲ್ಲಿ ಸರಡಗಿ ಕಡೆ ವಿಮಾನ ನಿಲ್ದಾಣ ಇದೆ, ಆ ದಿಕ್ಕಿನ ಹೊಲಗಳಲ್ಲಿ ಸುಮ್ನೆ ಹಾರಿಸಿಬಿಡೋಕೆ ಆಗಲ್ಲ.

ಶೂಟಿಂಗ್ ಇಟ್ಟುಕೊಂಡಿದ್ದು ಡಿಸೆಂಬರ್, ಜನವರಿಯಲ್ಲಿ. ಹೊಸ ತೊಗರಿ ಬರುವ ಕಾಲ, ಮಿಲ್‌ಗಳಲ್ಲಿ ಚೀಲದ ರಾಶಿ ಇರುತ್ತೆ. ಬಿಸಿಲೂ ತಡೆಯುವಷ್ಟಿರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಾಂಗಣ ಇಟ್ಟುಕೊಂಡರೆ ಬೆಂಗಳೂರಿನ ತಂಡ ಮೊದಲ ದಿನವೇ ಮಲಗುತ್ತೆ. ಖರ್ಚಿನಲ್ಲಿ ನನಗೆ ಆಶ್ಚರ್ಯ ಆಗಿದ್ದು ಊಟ, ವಸತಿ, ಬಾಟಾ (ದಿನದ ಭತ್ಯೆ). ಕ್ಯಾಮೆರಾ, ಲೆನ್ಸ್ ಬಾಡಿಗೆಗಿಂತ ಇದೇ ಜಾಸ್ತಿ ಆಯಿತು. ಅಲ್ಲಿಂದ ಬಂದವರಿಗೆ ಎರಡು ದಿನ ರೊಟ್ಟಿ, ಹಿಂಡಿಪಲ್ಲೆ, ಶೇಂಗಾ ಹಿಂಡಿ ಅಂದರೆ ಖುಷಿ. ಮೂರನೇ ದಿನ ಅನ್ನ ಸಾರು ಎಲ್ಲಿ ಅಂತಾರೆ. ಅಡುಗೆಯವರಿಗೆ ಮೊದಲೇ ಹೇಳಿಡಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಮೊದಲ ದಿನ ಚೀಲ ಹೊರುವ ದೃಶ್ಯ. ನಾನು ಹಮಾಲನ ಪಾತ್ರದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಕಬ್ಬಿಣದ ಕೊಕ್ಕೆ ಹಿಡಿದು ನಿಂತೆ. ನಾನೇ ‘ಆ್ಯಕ್ಷನ್’ ಅಂದೆ, ನಾನೇ ಚೀಲ ಎತ್ತಿದೆ, ನಾನೇ ‘ಕಟ್’ ಅಂದೆ. ಸುತ್ತ ಇದ್ದವರೆಲ್ಲ ‘ಸೂಪರ್ ಸರ್’ ಅಂದರು. ಸಹನಿರ್ದೇಶಕಿ ಮಾತ್ರ ಪ್ಯಾಡ್ ನೋಡುತ್ತಾ ನಿಂತಿದ್ದಳು. ಶಹಾಪುರದ ಹುಡುಗಿ, ನಾಟಕ ಕಲಿತವಳು. ಗೋಡೆ ಪಕ್ಕ ಕೂತು ಬೀಡಿ ಸೇದುತ್ತಿದ್ದ ಒಬ್ಬ ಹಿರಿಯ ಹಮಾಲ ಕಾಕಾ ನಕ್ಕುಬಿಟ್ಟರು. “ಹಿಂಗ್ಯಾರ್ ಚೀಲ ಹೊರ್ತಾರಪಾ? ನಡ ಮುರೀತದ.”

ಎದ್ದು ಬಂದು ನನ್ನ ಕೈಯಿಂದ ಕೊಕ್ಕೆ ಇಸಕೊಂಡರು. ಚೀಲದ ಮಗ್ಗುಲಿಗೆ ಕೊಕ್ಕೆ ಹಾಕಿ, ಅದನ್ನು ತಮ್ಮ ಕಡೆಗೇ ಸ್ವಲ್ಪ ವಾಲಿಸಿದರು. ಆಮೇಲೆ ಮೊಣಕಾಲು ಮಡಚಿ ಅದರ ಕೆಳಗೆ ಹೊಕ್ಕರು. ಚೀಲ ತಾನಾಗೇ ಬೆನ್ನ ಮೇಲೆ ಬಂದು ಕೂತಿತು. “ಎತ್ತಾಕ ಹೋಗ್ಬ್ಯಾಡ. ಚೀಲ ನಿನ್ನ ಮ್ಯಾಲ ಬೀಳ್ತದ, ನೀ ಅದರ ಕೆಳಗ ಹೋಗ್ಬೇಕು. ಮಾರಿ ಮ್ಯಾಲ ಸಿಟ್ಟ್ ಯಾಕ? ನಾವ್ ದಿನಾ ಹೊರ್ತೀವಿ, ಸಿಟ್ಟ್ ಮಾಡ್ಕೊಂಡ್ ಹೊರ್ತೀವೇನು?” ಅಂದರು.

ನಾನು ಹಲ್ಲು ಕಚ್ಚಿಕೊಂಡು, ಮುಖ ಕೆಂಪು ಮಾಡಿಕೊಂಡು ಎತ್ತಿದ್ದೆ. ಭಾರ ಅಂತ ತೋರಿಸಬೇಕಲ್ಲ! ನಾಟಕದಲ್ಲಿ ಕೊನೆ ಸಾಲಿನವರಿಗೂ ಕಾಣಬೇಕು, ಅಲ್ಲಿಯ ರೂಢಿ. ಆ ದಿನದ ಕೆಲಸ ಮುಗಿದ ಮೇಲೆ ಸಹನಿರ್ದೇಶಕಿಯನ್ನು ಕೇಳಿದೆ, ನಿನಗೆ ಹೇಗನ್ನಿಸಿತ್ತು ಅಂತ. “ಅಣ್ಣಾ, ನಂಗೂ ಜಾಸ್ತಿ ಆಯ್ತು ಅನಿಸಿತ್ರಿ. ಆದ್ರ ಎಲ್ಲಾರ ಮುಂದ ಹೆಂಗ್ ಹೇಳ್ಲಿ?”

ಅವತ್ತೇ ರಾತ್ರಿ ಮರುದಿನದ ಕಾಲ್‌ಶೀಟ್ (ದಿನದ ಕೆಲಸದ ಪಟ್ಟಿ) ಮೇಲೆ ಒಂದು ಸಾಲು ಸೇರಿಸಿದೆವು: ನಾನು ಫ್ರೇಮಿನಲ್ಲಿ ಇರುವ ಶಾಟ್‌ಗಳಿಗೆ ಆ್ಯಕ್ಷನ್, ಕಟ್, ಓಕೆ ಹೇಳುವುದು ಅವಳು. ಬಾಯಿಮಾತಿಗೆ ಬಿಡಲಿಲ್ಲ, ಎಲ್ಲರಿಗೂ ಕಾಣುವಂತೆ ಬರೆದೆವು. ಯಾಕಂದರೆ ಸೆಟ್‌ನಲ್ಲಿ ಲೈಟ್ ಹುಡುಗನಿಂದ ಹಿಡಿದು ಎಲ್ಲರೂ ನಿರ್ದೇಶಕರ ಮುಖ ನೋಡಿ ಮಾತಾಡ್ತಾರೆ. ಆ ನಿರ್ದೇಶಕನೇ ಮೇಕಪ್ ಹಾಕಿಕೊಂಡು ನಿಂತಿದ್ದರೆ ಖರೇ ಹೇಳೋರು ಯಾರು? ಹಮಾಲ ಕಾಕಾನಿಗೆ ನನ್ನಿಂದ ಪಗಾರ ಬರಬೇಕಾಗಿರಲಿಲ್ಲ, ಹೇಳಿದರು.

ಮೊದಲ ಎರಡು ದಿನ ಆ ಹುಡುಗಿ ಹೆದರಿಕೊಂಡೇ ‘ಇನ್ನೊಂದ್ಸಲ’ ಅನ್ನುತ್ತಿದ್ದಳು. ಆಮೇಲೆ ನಾನು ಮಾನಿಟರ್ ಕಡೆ ಓಡಿ ಬರುವುದಕ್ಕೂ ಬಿಡಲಿಲ್ಲ. ನಾನು ಪ್ರತಿ ಟೇಕ್ ಆದಮೇಲೆ ಪ್ಲೇಬ್ಯಾಕ್ ನೋಡಬೇಕು ಅಂತಿದ್ದೆ. ಹಾಗೆ ನೋಡಿದರೆ ಟೈಮ್ ದುಪ್ಪಟ್ಟು ಆಗುತ್ತೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮುಖ ನೀವು ನೋಡಿಕೊಂಡ ಮೇಲೆ ಮುಂದಿನ ಟೇಕ್‌ನಲ್ಲಿ ಪಾತ್ರ ಹೋಗಿ ಆ ಮುಖವೇ ಉಳಿಯುತ್ತೆ. ದಿನದ ಕೊನೆಗೆ ಒಟ್ಟಿಗೆ ನೋಡಿ ಸಾಕು.

ಇನ್ನೆರಡು ವಿಷಯ ಕೆಲಸಕ್ಕೆ ಬಂದವು. ಶಾಟ್ ಇಡುವಾಗ ನಿಮ್ಮ ಜಾಗದಲ್ಲಿ ನಿಮ್ಮದೇ ಎತ್ತರದ ಯಾರನ್ನಾದರೂ ನಿಲ್ಲಿಸಿ. ನೀವು ಕ್ಯಾಮೆರಾ ಪಕ್ಕ ನಿಂತು ಎಲ್ಲ ಕೂಡಿಸಿ, ಆಮೇಲೆ ಹೋಗಿ ನಿಲ್ಲಿ. ಇನ್ನೊಂದು, ನಿಮ್ಮ ಕ್ಲೋಸಪ್‌ಗಳನ್ನು ಬೆಳಿಗ್ಗೆಯೇ ಮುಗಿಸಿ. ನಟ-ನಿರ್ದೇಶಕರು ಬೇರೆಯವರಿಗೆಲ್ಲ ಟೈಮ್ ಕೊಟ್ಟು, ಸಂಜೆ ಬೆಳಕು ಹೋಗುವಾಗ ತಮ್ಮದನ್ನು ಒಂದೇ ಟೇಕ್‌ನಲ್ಲಿ ಮುಗಿಸಿಬಿಡ್ತಾರೆ. ಎಡಿಟಿಂಗ್ ಟೇಬಲ್‌ನಲ್ಲಿ ಹೀರೊನ ಶಾಟೇ ಇರಲ್ಲ. ಕಂಟಿನ್ಯುಟಿಗೆ ಫೋನ್‌ನಲ್ಲಿ ಫೋಟೊ ತೆಗೆದಿಡಿ. ನನ್ನ ತಲೆ ಮೇಲೆ ಬಿದ್ದಿದ್ದ ಬೇಳೆ ಹೊಟ್ಟು ಒಂದು ಶಾಟ್‌ನಲ್ಲಿ ಇದೆ, ಮುಂದಿನದರಲ್ಲಿ ಇಲ್ಲ. ಅದು ಈಗಲೂ ಸಿನಿಮಾದಲ್ಲಿ ಹಾಗೇ ಇದೆ, ಹುಡುಕಿ ನೋಡಿ.

ನಾಯಿ ವಿಷಯ ಹೇಳಲೇಬೇಕು. ಸಿನಿಮಾದಲ್ಲಿ ಪ್ರಾಣಿಗಳನ್ನು ಬಳಸುವುದಾದರೆ ಶೂಟಿಂಗ್‌ಗೂ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಬೇಕು. ಅದರ ಕಚೇರಿ ಇರೋದು ಹರಿಯಾಣದ ಬಲ್ಲಭಗಢದಲ್ಲಿ. ಪಶುವೈದ್ಯರ ಪ್ರಮಾಣಪತ್ರ, ಮಾಲೀಕರ ವಿವರ ಎಲ್ಲ ಕೊಡಬೇಕು. ಶೂಟಿಂಗ್ ಆದಮೇಲೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಗೊಂಡರೆ ಮಾತ್ರ ಸೆನ್ಸಾರ್ ಕೆಲಸ ಮುಂದೆ ಹೋಗುತ್ತೆ. ನಮ್ಮದರಲ್ಲಿ ಎತ್ತಿನ ಬಂಡಿ ಇತ್ತು, ಅದಕ್ಕೆ ಹಾಕಿದ್ದೆವು. ಆದರೆ ಮಗನ ಫೋನ್ ಬರುವ ದೃಶ್ಯದಲ್ಲಿ, ನನ್ನ ಅತ್ಯುತ್ತಮ ಟೇಕ್ ಅಂತ ನಾನು ಅಂದುಕೊಂಡಿದ್ದರಲ್ಲಿ, ಮಿಲ್‌ನ ಬೀದಿನಾಯಿ ಒಂದು ನಡೆದುಕೊಂಡು ಬಂದು ಹಿಂದೆ ಮಲಗಿಬಿಟ್ಟಿದೆ. ಅರ್ಜಿಯಲ್ಲಿ ಅದರ ಸುಳಿವೇ ಇಲ್ಲ. ನಟನಿಗೆ ಆ ಟೇಕ್ ಬೇಕು, ನಿರ್ದೇಶಕನಿಗೆ ತೊಂದರೆ ಬೇಡ. ಇಬ್ಬರೂ ನಾನೇ! ಫ್ರೇಮ್ ಹಿಗ್ಗಿಸಿ ನಾಯಿಯನ್ನು ಹೊರಗೆ ತಳ್ಳಲು ನೋಡಿದೆವು, ಚಿತ್ರ ಒಡೆಯಿತು. ಕೊನೆಗೆ ಸಂಕಲನಕಾರರು ಬೇರೆ ಟೇಕ್ ಹಾಕಿ ತೋರಿಸಿ, “ನಿಮಗೆ ಬಿಟ್ರೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ” ಅಂದರು. ಬೇಜಾರಾಯಿತು. ಹದಿನೈದು ದಿನ ಬಿಟ್ಟು ನೋಡಿದಾಗ ನನಗೂ ಗೊತ್ತಾಗಲಿಲ್ಲ. ಶೂಟಿಂಗ್ ಜಾಗದಲ್ಲಿ ನಾಯಿ, ಮೇಕೆ, ಕೋಳಿ ಓಡಿಸೋಕೆ ಅಂತಲೇ ಒಬ್ಬ ಹುಡುಗನನ್ನು ಇಡಿ.

ಸಂಕಲನಕಾರರು ನಿಮ್ಮ ಗೆಳೆಯರಾಗಿರದಿದ್ದರೆ ಒಳ್ಳೇದು. ನಮ್ಮವರು ಹೊರಗಿನವರು, ನನ್ನನ್ನು ಮೊದಲು ನೋಡಿದ್ದೇ ಪರದೆ ಮೇಲೆ. ಕ್ಲೈಮ್ಯಾಕ್ಸ್‌ನಲ್ಲಿ ನನಗೊಂದು ಉದ್ದದ ಮಾತಿತ್ತು. ಬರೆಯುವಾಗ ಅತ್ತಿದ್ದೆ, ಹೇಳುವಾಗಲೂ ಅತ್ತಿದ್ದೆ. ಅವರು ಅದನ್ನು ಪೂರ್ತಿ ತೆಗೆದು, ನಾನು ಬಾಯಿ ತೆರೆಯುವ ಮೊದಲಿನ ಒಂದು ಶಾಟ್ ಅಷ್ಟೇ ಇಟ್ಟರು. ನಾನು ಜಗಳ ಆಡಿದೆ. ಸಹನಿರ್ದೇಶಕಿಗೆ ಎರಡೂ ತೋರಿಸಿದೆವು. ಮಾತಿಲ್ಲದ್ದೇ ಇರಲಿ ಅಂದಳು. ಸೆಟ್‌ನಲ್ಲಿ ಕೊಟ್ಟ ಅಧಿಕಾರ ಎಡಿಟಿಂಗ್ ರೂಮಿನಲ್ಲಿ ವಾಪಸ್ ಕಸಿದುಕೊಂಡರೆ ಹೇಗೆ? ಬಿಟ್ಟೆ. ಥಿಯೇಟರ್‌ನಲ್ಲಿ ಜನ ಅಲ್ಲಿ ಸುಮ್ಮನೆ ಕೂತಿದ್ದನ್ನು ನೋಡಿದ್ದೇನೆ, ಮಾತಿದ್ದರೆ ಏನಾಗುತ್ತಿತ್ತು ಅಂತ ಹೇಳೋಕೆ ಬರಲ್ಲ. ನನಗೆ ಈಗಲೂ ಆ ಮಾತು ಬೇಕಿತ್ತು ಅಂತ ಒಳಗೊಳಗೇ ಇದೆ.

ಡಬ್ಬಿಂಗ್‌ನಲ್ಲಿ ಹೆಚ್ಚು ಕಷ್ಟ ಆಗಲಿಲ್ಲ. ಬೆಂಗಳೂರಿನ ಒಂದು ಸ್ಟುಡಿಯೊದವರು, ಸ್ವಲ್ಪ ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ಬದಲಾಯಿಸಬಹುದಲ್ವಾ ಅಂದರು. ಇಲ್ಲ ಅಂದೆ. ಮಂಗಳೂರು ಮಾತು, ಕುಂದಾಪುರ ಮಾತು ಇಡೀ ರಾಜ್ಯಕ್ಕೆ ತಿಳಿದಿರುವಾಗ ಕಲಬುರಗಿ ಮಾತೊಂದೇ ಯಾಕೆ ತಿಳಿಯಲ್ಲ?

ಸೆನ್ಸಾರ್. ಇದಕ್ಕೆ ಎಲ್ಲರೂ ಹೆದರ್ತಾರೆ. ಹೆದರಬೇಕಾದ್ದು ಕತ್ತರಿಗಲ್ಲ, ಕಾಗದಗಳಿಗೆ. ಅರ್ಜಿ ಇ-ಸಿನೆಪ್ರಮಾಣ್ ಅನ್ನೋ ಪೋರ್ಟಲ್‌ನಲ್ಲಿ ಹಾಕಬೇಕು. ನಮ್ಮ ಸಿನಿಮಾಗಳನ್ನು ನೋಡುವುದು ಬೆಂಗಳೂರಿನ ಪ್ರಾದೇಶಿಕ ಕಚೇರಿ. ಶೀರ್ಷಿಕೆ ಪತ್ರ, ನಿರ್ಮಾಪಕರ ದಾಖಲೆ, ಕಥಾಸಾರ, ಹಾಡಿನ ಸಾಹಿತ್ಯ, ಪ್ರಾಣಿ ಇದ್ದರೆ ಎನ್‌ಒಸಿ, ಜೊತೆಗೆ ಪೂರ್ತಿ ಸಂಭಾಷಣೆಯ ಪ್ರತಿ. ಈ ಸಂಭಾಷಣೆ ನೀವು ಶೂಟಿಂಗ್‌ಗೆ ಬರೆದುಕೊಂಡ ಸ್ಕ್ರಿಪ್ಟ್ ಅಲ್ಲ. ಕೊನೆಯ ಎಡಿಟ್‌ನಲ್ಲಿ ಪರದೆ ಮೇಲೆ ಕೇಳಿಸುವುದು ಏನೋ ಅದೇ ಇರಬೇಕು. ಸೆಟ್‌ನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಸೇರಿಸಿ ಹೇಳಿದ್ದೆ. ಅದನ್ನೆಲ್ಲ ಕೂತು ಕೇಳಿ ಬರೆಯುವುದಕ್ಕೆ ಸಹನಿರ್ದೇಶಕಿಗೆ ವಾರಗಟ್ಟಲೆ ಹಿಡಿಯಿತು. ಶುಲ್ಕ ಸಿನಿಮಾದ ಉದ್ದದ ಮೇಲೆ ನಿಂತಿದೆ. ನಾವು ಕೊಟ್ಟ ಒಂದು ದಾಖಲೆಯಲ್ಲಿ ಮಾವನ ಹೆಸರಿನ ಇನಿಶಿಯಲ್ ಬೇರೆ ಇತ್ತು, ಅರ್ಜಿ ತಿರುಗಿ ಬಂತು. ಆಧಾರ್, ಪ್ಯಾನ್, ಚೇಂಬರ್ ಪತ್ರ, ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಮೊದಲ ದಿನವೇ ನೋಡಿಕೊಳ್ಳಿ. ಬಿಡುಗಡೆ ದಿನಾಂಕವನ್ನು ಪ್ರಮಾಣಪತ್ರ ಕೈಗೆ ಬಂದ ಮೇಲೇ ಹೇಳಿ. ಅಲ್ಲಿವರೆಗೂ ನಿದ್ದೆ ಬರಲ್ಲ, ಬಡ್ಡಿ ಮಾತ್ರ ಬೆಳೀತಿರುತ್ತೆ.

ಸಮಿತಿಯವರು ಸಿನಿಮಾ ನೋಡುವಾಗ ನಾವು ಹೊರಗೆ. ಅಷ್ಟು ಹೊತ್ತು ಮಾವ ಫೋನ್‌ನಲ್ಲಿ ತೊಗರಿ ರೇಟ್ ವಿಚಾರಿಸುತ್ತಿದ್ದರು, ನಾನು ಗೋಡೆ ಮೇಲಿನ ನೋಟಿಸ್‌ಗಳನ್ನೆಲ್ಲ ಬಾಯಿಪಾಠ ಮಾಡಿದೆ. ಒಳಗೆ ಕರೆದಾಗ ಒಬ್ಬರು ನನ್ನನ್ನೇ ನೋಡಿ, “ಬೀಡಿ ಸೇದೋರು ನೀವೇ ಅಲ್ವಾ?” ಅಂದರು. ಎಲ್ಲರೂ ನಕ್ಕರು. ಹಮಾಲನ ಕಥೆಯಲ್ಲಿ ಬೀಡಿ ಇಲ್ಲದೆ ಆಗಲ್ಲ ಅಂತ ಹೇಳಿದೆ, ಒಪ್ಪಿದರು. ಆದರೆ ತಂಬಾಕು ಇರುವ ಸಿನಿಮಾಗೆ ಶುರುವಿನಲ್ಲೂ ಮಧ್ಯಂತರದಲ್ಲೂ ಆರೋಗ್ಯ ಎಚ್ಚರಿಕೆಯ ತುಣುಕು ಬೇಕು, ಸೇದುವ ದೃಶ್ಯದುದ್ದಕ್ಕೂ ಕೆಳಗೆ ಎಚ್ಚರಿಕೆಯ ಸಾಲು ಬೇಕು. ಆ ಸಾಲು ಒಂದೆರಡು ಕಡೆ ಬಿಟ್ಟುಹೋಗಿತ್ತು. ಒಂದು ಬೈಗುಳ ಮ್ಯೂಟ್ ಮಾಡಲು ಹೇಳಿದರು. ಯುಎ 13+ ಸಿಕ್ಕಿತು, ಅಂದರೆ 13 ವರ್ಷದೊಳಗಿನ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕು ಅಂತ. 2024ರ ಹೊಸ ನಿಯಮದ ಪ್ರಕಾರ ಯುಎ ಅನ್ನೋದು ಈಗ 7+, 13+, 16+ ಅಂತ ಮೂರು ಭಾಗ ಆಗಿದೆ. ಮೊದಲು ಪ್ರಮಾಣಪತ್ರಕ್ಕೆ ಹತ್ತು ವರ್ಷದ ಅವಧಿ ಇತ್ತು, 2023ರ ತಿದ್ದುಪಡಿಯಿಂದ ಅದು ಹೋಯಿತು. ಥಿಯೇಟರ್‌ನಲ್ಲಿ ತೋರಿಸುವ ಟ್ರೈಲರ್‌ಗೆ ಬೇರೆ ಅರ್ಜಿ, ಮರೀಬೇಡಿ. ಪ್ರಮಾಣಪತ್ರ ಆದಮೇಲೆ ಒಂದು ದೃಶ್ಯ ತೆಗೆದರೂ ಸೇರಿಸಿದರೂ ಮತ್ತೆ ಅವರಿಗೆ ತಿಳಿಸಬೇಕು. ನನಗೆ ಎರಡನೇ ಭಾಗ ಸ್ವಲ್ಪ ಟ್ರಿಮ್ ಮಾಡಬೇಕು ಅನ್ನಿಸಿತ್ತು. ಮಾವ ಕೈ ಮುಗಿದರು.

ಬಿಡುಗಡೆ ಬಗ್ಗೆ ಸಿಹಿ ಮಾತು ಹೇಳೋಕೆ ನನ್ನ ಹತ್ತಿರ ಇಲ್ಲ. ಹಂಚಿಕೆಯವರ ಲೆಕ್ಕದಲ್ಲಿ ರಾಜ್ಯ ಏರಿಯಾ ಏರಿಯಾ ಆಗಿ ಹಂಚಿಹೋಗಿದೆ. ಬಿಕೆಟಿ ಅಂದರೆ ಬೆಂಗಳೂರು, ಕೋಲಾರ, ತುಮಕೂರು. ನಮ್ಮದನ್ನು ಈಗಲೂ ಹೈದರಾಬಾದ್ ಕರ್ನಾಟಕ ಅಂತಲೇ ಕರೀತಾರೆ, 2019ರಲ್ಲಿ ಕಲ್ಯಾಣ ಕರ್ನಾಟಕ ಆದರೂ. ತೆಲುಗು, ಹಿಂದಿ ಸಿನಿಮಾ ಇಲ್ಲಿ ಜೋರು, ಗಡಿ ಹತ್ತಿರ ಇದೆಯಲ್ಲ. ನಮ್ಮೂರಿನ ಸಿನಿಮಾಗೆ ನಮ್ಮೂರಲ್ಲೇ ಸಿಕ್ಕಿದ್ದು ಬೆಳಗಿನ ಆಟ. ಥಿಯೇಟರ್‌ಗೆ ಹೋಗುವುದು ಈಗ ರೀಲ್ ಅಲ್ಲ, ಡಿಸಿಪಿ ಅನ್ನೋ ಫೈಲ್. ಅದು ತೆರೆಯಲು ಪ್ರತಿ ಪರದೆಗೂ ಬೇರೆ ಡಿಜಿಟಲ್ ಕೀಲಿ ಬೇಕು. ಪರದೆಗೆ ಇಷ್ಟು ಅಂತ ಡಿಜಿಟಲ್ ಪ್ರಿಂಟ್ ಶುಲ್ಕವೂ ಇದೆ, ಅದನ್ನು ನಿರ್ಮಾಪಕರೇ ಕಟ್ಟಬೇಕು. ಶುಕ್ರವಾರ ಬೆಳಿಗ್ಗೆ ಒಂದು ಕಡೆ ಕೀಲಿ ಬರಲೇ ಇಲ್ಲ. ಜನ ಒಳಗೆ ಕೂತಿದ್ದಾರೆ, ಪರದೆ ಖಾಲಿ. ಕೀಲಿ ಕಳಿಸಬೇಕಾದವರು ಫೋನ್ ಎತ್ತುತ್ತಿಲ್ಲ. ನಾನು ಹೊರಗೆ ನಿಂತು ಜನರ ಹತ್ತಿರ ಮಾತಾಡುತ್ತಾ ಟೈಮ್ ಕಳೆದೆ. ಅಲ್ಲಿ ಮಾತ್ರ ನಟನಾಗಿದ್ದು ಉಪಯೋಗಕ್ಕೆ ಬಂತು. ಗುರುವಾರ ಸಂಜೆಯೇ ಪ್ರತಿ ಥಿಯೇಟರ್‌ಗೆ ಫೋನ್ ಮಾಡಿ ಫೈಲ್ ತೆರೆಯಿತಾ, ಸೌಂಡ್ ಬಂತಾ ಅಂತ ಕೇಳಿ.

ಟಿಕೆಟ್ ದರ 100 ರೂಪಾಯಿ ಒಳಗೆ ಇಡಿಸಲು ಪ್ರಯತ್ನಿಸಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ. 5, ಅದರ ಮೇಲಾದರೆ ಶೇ. 18. ಭಾನುವಾರ ಮಿಲ್‌ನ ಹಮಾಲರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಚೀಲ ಹೊರುವ ದೃಶ್ಯ ಬಂದಾಗ ಶಿಳ್ಳೆ ಹೊಡೆದರು. ಕಾಕಾ ಮಾತ್ರ, “ಎರಡನೇ ಚೀಲ ಇನ್ನಾ ಸರಿ ಆಗಿಲ್ಲ” ಅಂದರು. ಎರಡನೇ ಶುಕ್ರವಾರ ದೊಡ್ಡ ಸಿನಿಮಾ ಬಂತು, ನಮ್ಮದು ಇಳಿಯಿತು.

ಸಹಾಯಧನದ ಅರ್ಜಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ. ಒಂದು ಸಮಿತಿ ಸಿನಿಮಾ ನೋಡಿ ಆರಿಸುತ್ತದೆ. ಅರ್ಜಿ ಕರೆದಾಗಲೇ ಹಾಕಬೇಕು, ಹಾಗಾಗಿ ಪತ್ರಿಕೆ ಪ್ರಕಟಣೆ ಮೇಲೆ ಕಣ್ಣಿಡಿ. ಆ ದುಡ್ಡು ಬಂದೇ ಬರುತ್ತೆ ಅಂತ ಲೆಕ್ಕ ಹಾಕಿ ಸಾಲ ಮಾಡಬೇಡಿ. ಮಾವ ಈಗ ಸಿನಿಮಾ ಮಾತೆತ್ತಿದರೆ ಚಹಾ ತರಿಸಿ ಮಾತು ಬದಲಿಸ್ತಾರೆ.

ಯಾರೂ ಮುಂಚೆ ಹೇಳದ ಒಂದು ತೊಂದರೆ ಈಗ ಶುರುವಾಗಿದೆ. ನಿರ್ದೇಶಕ ಅಂತ ಹೆಸರು ಬಂದ ಮೇಲೆ ನಟನೆಗೆ ಕರೆಯೋದನ್ನೇ ನಿಲ್ಲಿಸಿದ್ದಾರೆ. ಮೊದಲು ತಿಂಗಳಿಗೊಮ್ಮೆಯಾದರೂ ಫೋನ್ ಮಾಡುತ್ತಿದ್ದ ಒಬ್ಬ ಮ್ಯಾನೇಜರ್‌ಗೆ ನಾನೇ ಮಾಡಿದೆ. “ನೀವು ಡೈರೆಕ್ಟರ್ ಆಗ್ಬಿಟ್ರಲ್ಲ ಸರ್, ಎರಡು ಡೈಲಾಗ್ ಪಾತ್ರಕ್ಕೆ ಹೇಗೆ ಕರೆಯೋದು?” ಅಂದರು. ಕೆಲವು ನಿರ್ದೇಶಕರಿಗೆ ಇನ್ನೊಂದು ಅನುಮಾನ, ಇವನು ಸೆಟ್‌ನಲ್ಲಿ ನಮಗೇ ಪಾಠ ಹೇಳ್ತಾನೆ ಅಂತ. ನಟನೆಯ ಸಣ್ಣ ಪಾತ್ರಗಳೇ ನನ್ನ ಮನೆ ಖರ್ಚು ನಡೆಸುತ್ತಿದ್ದವು. ಹಾಗಾಗಿ ಮೊದಲ ಸಿನಿಮಾ ಮುಗಿಯುವ ಮೊದಲೇ, ನಾನು ಪಾತ್ರಕ್ಕೆ ಈಗಲೂ ಸಿಗ್ತೀನಿ ಅಂತ ನಾಲ್ಕು ಜನಕ್ಕೆ ಹೇಳಿಡಿ, ನಾಚಿಕೆ ಬೇಡ. ನಾನು ಈಗ ಹಾಗೆ ಹೇಳ್ತಾ ಇದ್ದೀನಿ. ಮುಂದಿನ ತಿಂಗಳು ಒಂದು ಧಾರಾವಾಹಿಯಲ್ಲಿ ಊರಿನ ಶಾನುಭೋಗನ ಪಾತ್ರ ಸಿಕ್ಕಿದೆ. ಶಹಾಪುರದ ಹುಡುಗಿ ತನ್ನದೇ ಕಥೆ ಬರೆದುಕೊಂಡಿದ್ದಾಳೆ. ಅದರಲ್ಲಿ ನನಗೊಂದು ಪಾತ್ರ ಇದೆಯಂತೆ, ಆಡಿಷನ್ ಕೊಡಬೇಕು ಅಂದಿದ್ದಾಳೆ.